ಓದುಗರ ಪ್ರಶ್ನೆ: ಹಾಳೆ ಮಗುವಿನದು, ಪೆನ್ಸಿಲ್ಲೂ ಮಗುವಿನದು

ಮಕ್ಕಳ ಚಿತ್ರಕಲೆಯ ಬಗ್ಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಕಳಿಸಿದ ಪ್ರಶ್ನೆಗಳಿಗೆ ಚಿತ್ರಕಲಾ ಶಿಕ್ಷಕರು ಇಲ್ಲಿ ಉತ್ತರಿಸಿದ್ದಾರೆ. ಒಂದೇ ಬಗೆಯ ಪತ್ರಗಳನ್ನು ಕೂಡಿಸಿ ಒಂದೇ ಪ್ರಶ್ನೆ ಮಾಡಲಾಗಿದೆ.

ಪ್ರಶ್ನೆ: ಮಗನಿಗೆ ನಾಲ್ಕೂವರೆ ವರ್ಷ. ಮನುಷ್ಯರ ಚಿತ್ರ ತೆಗೆದರೆ ತಲೆಯಿಂದಲೇ ಕೈಕಾಲು ಹೊರಡುತ್ತವೆ, ಹೊಟ್ಟೆ ಇರುವುದೇ ಇಲ್ಲ. ಆಕಾಶವೆಂದರೆ ಹಾಳೆಯ ಮೇಲಂಚಿಗೆ ಒಂದು ನೀಲಿ ಪಟ್ಟಿ. ಅಜ್ಜಿ ಮನೆಗಿಂತ ಎತ್ತರ! ಕೈ ಹಿಡಿದು ತಿದ್ದಿಸಬೇಕೇ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ತಿದ್ದಿಸಬೇಡಿ. ನೀವು ತಪ್ಪೆಂದು ಎಣಿಸಿದ ಮೂರೂ ಆ ವಯಸ್ಸಿನ ಸರಿಯಾದ ಗುರುತುಗಳು. ಒಂದೂವರೆ-ಎರಡು ವರ್ಷಕ್ಕೆ ಮಗು ಗೀಚತೊಡಗುತ್ತದೆ. ಆಗ ಅದಕ್ಕೆ ಕೈ ಆಡಿದ ಕಡೆ ಗೆರೆ ಮೂಡುವುದೇ ಸುಖ. ಮೂರು ದಾಟಿದ ಮೇಲೆ ಗೆರೆಯ ಎರಡು ತುದಿ ಕೂಡಿಸಿ ದುಂಡಗೆ ಮುಚ್ಚಲು ಬರುತ್ತದೆ. ಆ ದುಂಡೇ ತಲೆ, ದುಂಡೇ ಮನುಷ್ಯ. ಮಾತಾಡುವ, ಉಣ್ಣುವ, ನೋಡುವ ಅಂಗಗಳೆಲ್ಲ ತಲೆಯಲ್ಲೇ ಇರುವುದರಿಂದ ಮಗುವಿಗೆ ಅಷ್ಟು ಸಾಕು. ಓಡಾಡಲು ಕಾಲು ಬೇಕು, ಅವನ್ನು ತಲೆಗೇ ಜೋಡಿಸುತ್ತದೆ. ಐದರಿಂದ ಏಳರ ಹೊತ್ತಿಗೆ ಹೊಟ್ಟೆ, ಅಂಗಿ, ಗುಂಡಿ ಎಲ್ಲ ತಾವಾಗಿ ಬರುತ್ತವೆ.

ನೀಲಿ ಪಟ್ಟಿಯಲ್ಲೂ ತರ್ಕವಿದೆ. ಆಕಾಶ ಮೇಲಿದೆ, ನೆಲ ಕೆಳಗಿದೆ, ನಡುವೆ ನಾವಿದ್ದೇವೆ, ನಮ್ಮ ಸುತ್ತ ನೀಲಿ ಏನೂ ಇಲ್ಲ. ಯಾರು ಮುಖ್ಯವೋ ಅವರು ದೊಡ್ಡವರು, ಆದ್ದರಿಂದ ಅಜ್ಜಿ ಮನೆಗಿಂತ ಎತ್ತರ. ಮುಂದೆ ಬಸ್ಸಿನ ತಗಡಿನ ಆಚೆಗಿರುವ ಪ್ರಯಾಣಿಕರ ಕಾಲುಗಳನ್ನೂ ತೋರಿಸುತ್ತಾನೆ. ಆಗಲೂ ಗಾಬರಿ ಬೇಡ. ತನಗೆ ಗೊತ್ತಿರುವುದನ್ನು ತೆಗೆಯುವ ಕಾಲ ಇದು, ಕಂಡದ್ದನ್ನು ತೆಗೆಯುವ ಕಾಲ ಮುಂದಿದೆ.

ಕೈ ಹಿಡಿದು ಬರೆಸಿದರೆ ಆಗುವ ನಷ್ಟ ಒಂದೇ, ಆದರೆ ದೊಡ್ಡದು. ಮರುದಿನ ಮಗು ಹಾಳೆ ತಂದು "ನೀನೇ ತಗದು ಕೊಡು" ಅನ್ನುತ್ತದೆ. ಹೊಟ್ಟೆ ಬರಲೇಬೇಕೆಂದಿದ್ದರೆ ಚಿತ್ರದ ಮಾತೇ ಎತ್ತಬೇಡಿ. ಸ್ನಾನ ಮಾಡಿಸುವಾಗ ಹೊಟ್ಟೆ, ಬೆನ್ನು, ಮೊಣಕೈ ಮುಟ್ಟಿ ಹೆಸರು ಹೇಳಿಸಿ. ಮೈಯ ಅರಿವು ಹೆಚ್ಚಿದಂತೆ ಅದು ಹಾಳೆಗೂ ಇಳಿಯುತ್ತದೆ.

"ಇದೇನಿದು?" ಎಂದು ಕೇಳಬೇಡಿ, ತನ್ನ ಚಿತ್ರ ಯಾರಿಗೂ ಗುರುತು ಸಿಗಲಿಲ್ಲ ಎಂದು ಮಗುವಿಗೆ ಅನಿಸುತ್ತದೆ. "ಇದರಾಗ ಏನೇನ ಐತಿ, ನನಗ ಹೇಳು" ಅನ್ನಿ. ಪ್ರತಿಯೊಂದಕ್ಕೂ "ಭಾಳ ಚಲೋ" ಅಂದರೆ ಅದು ಬರೀ ಸದ್ದಾಗಿಬಿಡುತ್ತದೆ. "ಬಸ್ಸಿನ ಕಿಟಕಿ ಎಲ್ಲಾ ಎಣಿಸಿ ಹಾಕಿಯಲ್ಲ" ಎಂದು ನೀವು ಕಂಡದ್ದನ್ನು ಹೇಳಿ. ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ತಾರೀಕು ಬರೆದು ಒಂದು ರಟ್ಟಿನ ಫೈಲಿನಲ್ಲಿಡಿ. ಆರು ತಿಂಗಳ ಚಿತ್ರಗಳನ್ನು ಸಾಲಾಗಿ ಹರಡಿ ನೋಡಿದರೆ ನಿಮ್ಮ ಪ್ರಶ್ನೆಗೆ ಮಗನೇ ಉತ್ತರ ಕೊಟ್ಟಿರುತ್ತಾನೆ.

ಪ್ರಶ್ನೆ: ಮಗಳು ಐದನೇ ಇಯತ್ತೆ. ಹೋದ ವರ್ಷದವರೆಗೆ ದಿನವಿಡೀ ಚಿತ್ರ ತೆಗೆಯುತ್ತಿದ್ದಳು. ಈಗ ಅರ್ಧ ತೆಗೆದು, ಹಾಳೆ ತೂತಾಗುವಷ್ಟು ರಬ್ಬರ್ ತಿಕ್ಕಿ, ಕೊನೆಗೆ ಹರಿದೇ ಹಾಕುತ್ತಾಳೆ. "ನನಗ ಬರೂದಿಲ್ಲ" ಅನ್ನುವುದೊಂದೇ ಮಾತು. ಆಸಕ್ತಿ ಹೋಯಿತೇ?
– ಸಪ್ತಾಪುರ, ಧಾರವಾಡ

ಉತ್ತರ: ಆಸಕ್ತಿ ಹೋಗಿಲ್ಲ, ಕಣ್ಣು ಬೆಳೆದಿದೆ. ಒಂಬತ್ತರಿಂದ ಹನ್ನೊಂದರ ನಡುವೆ ಹೆಚ್ಚಿನ ಮಕ್ಕಳಿಗೆ ಹೀಗಾಗುತ್ತದೆ. ಚಿತ್ರ ನಿಜದಂತೆ ಕಾಣಬೇಕೆಂಬ ಹಟ ಬರುತ್ತದೆ, ಕೈ ಇನ್ನೂ ಅಷ್ಟು ಪಳಗಿರುವುದಿಲ್ಲ. "ನನಗೆ ಚಿತ್ರ ಬರೋದಿಲ್ಲ" ಅನ್ನುವ ದೊಡ್ಡವರಲ್ಲಿ ಬಹಳಷ್ಟು ಜನ ಈ ವಯಸ್ಸಿನಲ್ಲೇ ಪೆನ್ಸಿಲ್ ಕೆಳಗಿಟ್ಟವರು. ಈಗ ಅವಳಿಗೆ ಹೊಗಳಿಕೆಯಿಂದ ಉಪಯೋಗವಿಲ್ಲ, ಉಪಾಯ ಬೇಕು.

ಮೊದಲು ರಬ್ಬರ್ ಎತ್ತಿಡಿ. 2ಬಿ ಪೆನ್ಸಿಲ್ ಕೊಟ್ಟು ತೆಳ್ಳಗೆ, ಒತ್ತದೆ ಗೆರೆ ಹಾಕಲು ಹೇಳಿ. ತಪ್ಪಿದ ಗೆರೆ ಅಲ್ಲೇ ಇರಲಿ, ಅದರ ಪಕ್ಕದಲ್ಲಿ ಸರಿಯಾದದ್ದು ಬರಲಿ. ತಪ್ಪು ಕಣ್ಣೆದುರು ಇದ್ದಾಗಲೇ ಎಷ್ಟು ಸರಿಸಬೇಕೆಂದು ತಿಳಿಯುವುದು. ಅಳಿಸಿದರೆ ಮತ್ತೆ ಅದೇ ಜಾಗದಲ್ಲಿ ಅದೇ ತಪ್ಪು ಬೀಳುತ್ತದೆ.

ಆಮೇಲೆ ಅಡುಗೆಮನೆಯ ತಂಬಿಗೆಯನ್ನು ಐದಾರು ಅಡಿ ದೂರದಲ್ಲಿ, ಮೇಜಿನ ಮೇಲೆ ಇಡಿ. ಮಗಳು ಕುಳಿತಲ್ಲಿಂದ ಪೆನ್ಸಿಲ್ ಹಿಡಿದ ಕೈಯನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ತಂಬಿಗೆಯ ಅಗಲವನ್ನು ಪೆನ್ಸಿಲ್ಲಿನ ಮೇಲೆ ಹೆಬ್ಬೆರಳಿನಿಂದ ಗುರುತಿಸಲಿ. ಆ ಅಳತೆ ಎತ್ತರದಲ್ಲಿ ಎಷ್ಟು ಸಲ ಹಿಡಿಯುತ್ತದೆ ನೋಡಲಿ. ಮೊಣಕೈ ಮಡಚಿದರೆ ಅಳತೆ ಪ್ರತಿ ಸಲವೂ ಬೇರೆ ಬರುತ್ತದೆ. ಎಲ್ಲ ಮಕ್ಕಳೂ ಮೊದಲ ದಿನ ಎಡವುವುದು ಇಲ್ಲೇ. ಹಾಳೆಯ ಮೇಲೆ ನಡುಗೆರೆ ಎಳೆದು, ಎರಡೂ ಕಡೆ ಸಮನಾಗಿ ಅಗಲ ಗುರುತಿಸಿ, ಕೊನೆಗೆ ಬಾಯಿ ಹಾಕಬೇಕು. ಬಾಯಿ ಇಲ್ಲಿ ಮೊಟ್ಟೆಯಾಕಾರ. ಅದರ ಎರಡು ತುದಿಗಳು ಮೀನಿನ ಬಾಯಿಯ ಹಾಗೆ ಚೂಪಾಗಬಾರದು, ಅಲ್ಲೂ ಗೆರೆ ಹೊರಳಿಯೇ ತಿರುಗುತ್ತದೆ. ತಳವನ್ನು ನೆಟ್ಟಗೆ ಎಳೆಯುವುದು ಇನ್ನೊಂದು ತಪ್ಪು. ಕಣ್ಣು ಮೇಲಿದ್ದು ಕೆಳಗೆ ನೋಡುವಾಗ ತಳದ ಬಾಗು ಬಾಯಿಯ ಬಾಗಿಗಿಂತ ಒಂದಿಷ್ಟು ಹೆಚ್ಚೇ ದುಂಡಗಿರುತ್ತದೆ. ಬೇಕಿದ್ದರೆ ಒಂದು ಲೋಟ ಕೊಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ ನಿಧಾನ ಇಳಿಸಲು ಹೇಳಿ. ಬಾಯಿ ಗೆರೆಯಾಗಿದ್ದದ್ದು ಅಗಲವಾಗುತ್ತ ದುಂಡಾಗುವುದನ್ನು ತಾನೇ ಕಾಣುತ್ತಾಳೆ.

ಕುರ್ಚಿ ತೆಗೆಯಲು ಸೋತರೆ, ಕಾಲುಗಳ ನಡುವಿನ ಖಾಲಿ ಜಾಗಗಳ ಆಕಾರ ತೆಗೆಯಲು ಹೇಳಿ. ಕುರ್ಚಿಯ ಕಾಲು ಹೇಗಿರಬೇಕೆಂದು ಮನಸ್ಸಿಗೆ ಮೊದಲೇ ಗೊತ್ತು, ಅದು ಕಣ್ಣಿಗೆ ಅಡ್ಡ ಬರುತ್ತದೆ. ಖಾಲಿ ಜಾಗಕ್ಕೆ ಹೆಸರಿಲ್ಲ, ಹಾಗಾಗಿ ಅದನ್ನು ಇದ್ದ ಹಾಗೇ ನೋಡುತ್ತೇವೆ. ಇನ್ನೊಂದು ಅಭ್ಯಾಸ: ನುಗ್ಗೆಕಾಯಿ ಅಥವಾ ಚಪ್ಪಲಿಯನ್ನು ಮುಂದಿಟ್ಟು, ಹಾಳೆ ನೋಡದೆ, ಇರುವೆ ನಡೆದಷ್ಟು ನಿಧಾನವಾಗಿ ಅದರ ಅಂಚಿನಗುಂಟ ಕಣ್ಣನ್ನೂ ಕೈಯನ್ನೂ ಒಟ್ಟಿಗೆ ಒಯ್ಯುವುದು, ಐದು ನಿಮಿಷ. ಚಿತ್ರ ಸೊಟ್ಟಗೆ ಬಂದೇ ಬರುತ್ತದೆ. ಇದು ಕಣ್ಣಿನ ಸಾಧನೆ, ಚೆಂದಕ್ಕಲ್ಲ ಎಂದು ಮೊದಲೇ ಹೇಳಿಬಿಡಿ. ರವಿವಾರ ಎರಡು ತಾಸು ಕೂಡ್ರಿಸುವುದಕ್ಕಿಂತ ದಿನಕ್ಕೆ ಹದಿನೈದು ನಿಮಿಷ ಮೇಲು.

ಧಾರವಾಡದಲ್ಲೇ ಇರುವ ನಿಮಗೆ ಇನ್ನೊಂದು ದಾರಿಯೂ ಉಂಟು, ಕಸೂತಿ. ಅದರಲ್ಲಿ ಆನೆ, ತೇರು, ಗೋಪುರ, ತುಳಸಿಕಟ್ಟೆ ಯಾವುದೂ ನಿಜದಂತೆ ಕಾಣಬೇಕಿಲ್ಲ, ಎಳೆಯ ಎಣಿಕೆ ತಪ್ಪದಿದ್ದರೆ ಸಾಕು. ಗ್ರಾಫ್ ಹಾಳೆಯಲ್ಲಿ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಹೋಗುವ ಗೆರೆ ಮಾತ್ರ ಬಳಸಿ ಒಂದು ತೇರು ಕಟ್ಟಲು ಕೊಡಿ. ನಡುಗೆರೆಯಿಂದ ಆರಂಭಿಸಿ ಎಡಬಲಕ್ಕೆ ಒಂದೊಂದೇ ಮನೆ ಎಣಿಸಬೇಕು. ಒಂದು ಬದಿಯಿಂದ ಹೊರಟರೆ ಕಳಸ ನಡುವೆ ಕೂಡುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಗಾವಂತಿ ಎಂಬ ಕಸೂತಿ ಹೊಲಿಗೆ ಹಾಕಲು ಬಂದರೆ ಅದೇ ಚಿತ್ರವನ್ನು ಬಟ್ಟೆಗೆ ಇಳಿಸಿಕೊಡಲಿ. ಗಾವಂತಿಯಲ್ಲಿ ಹೊಲಿಗೆ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗ ತುಂಬುವುದರಿಂದ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣುತ್ತವೆ. ತನ್ನ ಗೆರೆ ಸೀರೆಯ ಸೆರಗಿಗೆ ಬಂದದ್ದನ್ನು ಕಂಡ ಹುಡುಗಿ ಹಾಳೆ ಹರಿಯುವುದನ್ನು ಕಡಿಮೆ ಮಾಡುತ್ತಾಳೆ.

ಪ್ರಶ್ನೆ: ಏಳು ಮತ್ತು ಹನ್ನೊಂದು ವರ್ಷದ ಮಕ್ಕಳಿಗೆ 48 ಬಣ್ಣದ ದೊಡ್ಡ ಡಬ್ಬಿ ಕೊಡಿಸಿದೆವು. ಪೋಸ್ಟರ್ ಬಣ್ಣ ಒಣಗಿ ಉದುರುತ್ತದೆ, ಹಾಳೆ ಸುಕ್ಕಾಗುತ್ತದೆ, ಕೊನೆಗೆ ಎಲ್ಲ ಬಣ್ಣ ಕೆಸರು. ಏನು ಕೊಡಿಸಬೇಕಿತ್ತು?
– ಬೆಟಗೇರಿ, ಗದಗ

ಉತ್ತರ: ಕಡಿಮೆ ಬಣ್ಣ, ಒಳ್ಳೆಯ ಹಾಳೆ. ಏಳು ವರ್ಷದವರಿಗೆ 12ರ ಆಯಿಲ್ ಪೇಸ್ಟಲ್ ಡಬ್ಬಿ ಸಾಕು. ಹನ್ನೊಂದರವರಿಗೆ ಪೋಸ್ಟರ್ ಬಣ್ಣದಲ್ಲಿ ಆರೇ ಬಾಟಲಿ: ಲೆಮನ್ ಯೆಲ್ಲೋ, ಎರಡು ಕೆಂಪು (ವರ್ಮಿಲಿಯನ್, ಕ್ರಿಮ್ಸನ್), ಎರಡು ನೀಲಿ (ಅಲ್ಟ್ರಾಮರೀನ್, ಪ್ರಶಿಯನ್ ಬ್ಲೂ) ಮತ್ತು ಬಿಳಿ. ಬಿಳಿ ಎಲ್ಲಕ್ಕಿಂತ ಮೊದಲು ಮುಗಿಯುತ್ತದೆ, ದೊಡ್ಡ ಬಾಟಲಿ ತನ್ನಿ.

ಎರಡು ಕೆಂಪು ಯಾಕೆಂದರೆ, ಕ್ರಿಮ್ಸನ್ನಿಗೆ ಅಲ್ಟ್ರಾಮರೀನ್ ಕೂಡಿಸಿದರೆ ಬದನೆಕಾಯಿಯ ನೇರಳೆ ಬರುತ್ತದೆ. ವರ್ಮಿಲಿಯನ್ನಿಗೆ ಕೂಡಿಸಿದರೆ ಕಂದು. ವರ್ಮಿಲಿಯನ್ ಹಳದಿಯ ಕಡೆಗೆ ವಾಲಿದ ಕೆಂಪು. ಕೆಂಪು, ಹಳದಿ, ನೀಲಿ ಮೂರೂ ಒಂದೆಡೆ ಸೇರಿದರೆ ಬಣ್ಣ ಮಂಕಾಗಲೇಬೇಕು. ನಿಮ್ಮ ಮಕ್ಕಳ ಕೆಸರಿಗೆ ಅರ್ಧ ಕಾರಣ ಇದು. ಉಳಿದರ್ಧ ನೀರು. ಎರಡು ವಾಟಗಾ ನೀರು ಇಡಿ, ಒಂದು ಬ್ರಶ್ ತೊಳೆಯಲು, ಇನ್ನೊಂದು ಬಣ್ಣಕ್ಕೆ ಬೆರೆಸಲು. ಪಕ್ಕದಲ್ಲಿ ಹಳೆಯ ಹತ್ತಿಯ ಅರಿವೆ ಇರಲಿ, ತೊಳೆದ ಬ್ರಶ್ಶನ್ನು ಒರೆಸದೆ ಬೇರೆ ಬಣ್ಣಕ್ಕೆ ಅದ್ದಬಾರದು.

ಸುಕ್ಕಿಗೆ ಕಾರಣ ಹಾಳೆ. ಝೆರಾಕ್ಸ್ ಹಾಳೆ 70-75 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಗೆ ಇಷ್ಟು ಗ್ರಾಂ) ತೂಕದ್ದು, ಪೆನ್ಸಿಲ್ಲಿಗೆ ಸರಿ. ನೀರು ಬಣ್ಣಕ್ಕೆ ಕನಿಷ್ಠ 200 ಇರಬೇಕು. ಅದನ್ನೂ ನಾಲ್ಕು ಅಂಚಿಗೆ ಪೇಪರ್ ಟೇಪ್ ಹಚ್ಚಿ ರಟ್ಟಿಗೆ ಅಂಟಿಸಿ, ಪೂರ್ತಿ ಒಣಗಿದ ಮೇಲೆಯೇ ಬಿಡಿಸಿ. ಬಣ್ಣ ಉದುರುವುದು ದಪ್ಪ ಬಳಿದುದರಿಂದ. ಪೋಸ್ಟರ್ ಬಣ್ಣದಲ್ಲಿ ಅಂಟು ಕಡಿಮೆ, ಗಟ್ಟಿ ಪದರ ಒಣಗುತ್ತ ಕುಗ್ಗಿ ಸೀಳುತ್ತದೆ. ಹಾಳೆ ಸುರುಳಿ ಸುತ್ತಿದರಂತೂ ಮುಗಿಯಿತು. ಹಾಲಿನ ಕೆನೆಯ ಹದಕ್ಕೆ ಬೆರೆಸಿ ತೆಳ್ಳಗೆ ಬಳಿದು, ಒಣಗಿದ ಮೇಲೆ ಎರಡನೇ ಸಲ ಬಳಿಯಲಿ.

ಬ್ರಶ್ ಮೂರು ಸಾಕು: ದುಂಡು 2, 6, ಮತ್ತು ಅರ್ಧ ಇಂಚಿನ ಚಪ್ಪಟೆ. ನೀರಿನ ವಾಟಗದಲ್ಲಿ ತಲೆಕೆಳಗಾಗಿ ನಿಲ್ಲಿಸಿಟ್ಟರೆ ಕೂದಲು ಬಾಗುತ್ತದೆ, ತಗಡಿನ ಕೊಳವೆ ಸಡಿಲಾಗುತ್ತದೆ. ಸೋಪು ಹಚ್ಚಿ ತೊಳೆದು, ಬೆರಳಿನಿಂದ ತುದಿ ಚೂಪು ಮಾಡಿ, ಮಲಗಿಸಿ ಒಣಗಿಸಿ. ಗದಗಿನ ಏಪ್ರಿಲ್ ಬಿಸಿಲಿಗೆ ಪೇಸ್ಟಲ್ ಮೆತ್ತಗಾಗಿ ಮುರಿಯುತ್ತದೆ, ಡಬ್ಬಿಯನ್ನು ಕಿಟಕಿಯ ಹತ್ತಿರ ಇಡಬೇಡಿ. ಪೇಸ್ಟಲ್ ಚಿತ್ರ ಪೂರ್ತಿ ಒಣಗುವುದಿಲ್ಲ, ಮೇಲೊಂದು ಬಟರ್ ಪೇಪರ್ ಹಾಕಿ ಇಡಬೇಕು.

ಡಬ್ಬಿಯಲ್ಲಿ "ಸ್ಕಿನ್ ಕಲರ್" ಎಂಬ ನಸುಗುಲಾಬಿ ಕಡ್ಡಿಯೊಂದು ಇದ್ದೇ ಇರುತ್ತದೆ. ಅದು ನಮ್ಮ ಯಾರ ಮೈಬಣ್ಣವೂ ಅಲ್ಲ. ಕಂದು, ಕಿತ್ತಳೆ, ಒಂದಿಷ್ಟು ಹಳದಿ ಬೆರೆಸಿ ಮಕ್ಕಳು ತಮ್ಮ ಮುಂಗೈ ಪಕ್ಕದಲ್ಲಿಟ್ಟು ಹೋಲಿಸಿ ನೋಡಲಿ. ಅಪ್ಪನ ಬಣ್ಣ, ಅವ್ವನ ಬಣ್ಣ, ತನ್ನ ಬಣ್ಣ ಬೇರೆಬೇರೆ ಬೆರೆಸುವುದೇ ಒಂದು ಮಧ್ಯಾಹ್ನದ ಕೆಲಸ.

ಪ್ರಶ್ನೆ: ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಒಂದೇ ವರ್ಗದಲ್ಲಿ 42 ಮಕ್ಕಳಿದ್ದಾರೆ. ಬಣ್ಣಕ್ಕೆ ಹಣವಿಲ್ಲ. ಊರಲ್ಲಿ ಸಿಗುವುದರಿಂದಲೇ ಏನು ಮಾಡಿಸಬಹುದು?
– ಶಿಕ್ಷಕಿ, ಬ್ಯಾಡಗಿ ತಾಲ್ಲೂಕು

ಉತ್ತರ: ಬಹಳ ಮಾಡಿಸಬಹುದು. ಹುರಮಂಜು ಎಂಬ ಕೆಮ್ಮಣ್ಣು ಕೆಂಪಿಗೆ, ಒಲೆಯ ಇದ್ದಲು ಕಪ್ಪಿಗೆ, ಸೀಮೆಸುಣ್ಣದ ಪುಡಿ ಬಿಳಿಗೆ, ಬಟ್ಟೆಯ ನೀಲಿ ಪುಡಿ ನೀಲಿಗೆ. ಮಣ್ಣಿನ ಬಣ್ಣ ಬಿಸಿಲಿಗೆ ಮಾಸುವುದಿಲ್ಲ, ಅದರಲ್ಲಿರುವುದು ಕಬ್ಬಿಣದ ಅಂಶ. ಅರಿಶಿನ, ಬೀಟ್‌ರೂಟ್ ಕೆಲವೇ ದಿನಗಳಲ್ಲಿ ಮಂಕಾಗುತ್ತವೆ, ಅವು ಆಟಕ್ಕೆ ಚೆಂದ: ಅರಿಶಿನ ಬಳಿದ ಹಾಳೆಯ ಮೇಲೆ ಬಟ್ಟೆ ಸೋಪಿನ ನೀರಿನಲ್ಲಿ ಬರೆದರೆ ಗೆರೆ ಕೆಂಪಾಗುತ್ತದೆ. ಸುಣ್ಣದ ನೀರೂ ಹಾಗೇ ಮಾಡುತ್ತದೆ, ಆದರೆ ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ, ವರ್ಗಕ್ಕೆ ತರಬೇಡಿ. ನಿಮ್ಮ ಊರಿನ ಮೆಣಸಿನಕಾಯಿಯ ಕೆಂಪು ಎಷ್ಟೇ ಆಸೆ ಹುಟ್ಟಿಸಿದರೂ ಪುಡಿ ಮಕ್ಕಳ ಕೈಗೆ ಬೇಡ. ಆ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ನೀರಿನಲ್ಲಿ ಬಿಡುವುದೂ ಇಲ್ಲ.

ಅಂಟಿಗೆ ಜಾಲಿ ಗಿಡದ ಗೋಂದು. ಒಂದು ಪಾಲು ಗೋಂದಿಗೆ ಎರಡು ಪಾಲು ಬಿಸಿನೀರು ಹಾಕಿ ರಾತ್ರಿಯಿಡೀ ನೆನೆಸಿ ಅರಿವೆಯಲ್ಲಿ ಸೋಸಿ. ಎರಡು ಲವಂಗ ಹಾಕಿಟ್ಟರೆ ಬೇಗ ಕೆಡುವುದಿಲ್ಲ. ಜರಡಿ ಹಿಡಿದ ಬಣ್ಣದ ಪುಡಿ ಎರಡು ಚಮಚ, ಗೋಂದಿನ ನೀರು ಒಂದು ಚಮಚ, ನಯವಾಗುವ ತನಕ ಅರೆದು, ಆಮೇಲೆ ನೀರು. ಒಂದು ಗೆರೆ ಎಳೆದು ಒಣಗಿಸಿ ಬೆರಳಿನಿಂದ ಉಜ್ಜಿ ನೋಡಿ. ಬೆರಳಿಗೆ ಬಣ್ಣ ಬಂದರೆ ಗೋಂದು ಕಡಿಮೆಯಾಗಿದೆ, ಮಿರಮಿರ ಮಿಂಚಿ ಬಿರುಕು ಬಿಟ್ಟರೆ ಹೆಚ್ಚಾಗಿದೆ. ಬ್ರಶ್ಶಿಗೆ ಬೇವಿನ ಕಡ್ಡಿಯ ತುದಿಯನ್ನು ಕಲ್ಲಿನಿಂದ ಜಜ್ಜಿದರೆ ಆಯಿತು. ಹಾಳೆಗೆ ಕಚೇರಿಗಳ ಒಂದೇ ಮಗ್ಗುಲು ಅಚ್ಚಾದ ರದ್ದಿ ಕೇಳಿ ತನ್ನಿ. ಆರಾರು ಮಕ್ಕಳ ಏಳು ಗುಂಪು ಮಾಡಿ, ಗುಂಪಿಗೊಂದು ತಟ್ಟೆ ಬಣ್ಣ ಕೊಟ್ಟು ಪಡಸಾಲೆಯ ನೆಲದ ಮೇಲೆ ಕೂಡ್ರಿಸಿ.

ಮಣ್ಣೆತ್ತಿನ ಅಮಾವಾಸ್ಯೆಯ ವಾರ ಇಡೀ ಶಾಲೆಗೆ ಶಿಲ್ಪದ ವಾರವಾಗಲಿ. ಎರೆ ಮಣ್ಣನ್ನು ಹಾಗೇ ಬಳಸಿದರೆ ಒಣಗುವಾಗ ಬಿರಿಯುತ್ತದೆ. ನೀರು ಕುಡಿದು ಬಹಳ ಉಬ್ಬುವ ಮಣ್ಣು ಅದು, ಒಣಗಿದಾಗ ಅಷ್ಟೇ ಕುಗ್ಗುತ್ತದೆ. ನಾಲ್ಕು ಬೊಗಸೆ ಮಣ್ಣಿಗೆ ಒಂದು ಬೊಗಸೆ ಸಣ್ಣ ಉಸುಕು ಬೆರೆಸಿ, ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ. ಕೋಡು, ಕಿವಿ, ಬಾಲ ಬಿದ್ದುಹೋಗುವುದು ನಯವಾದ ಮೈಗೆ ಒಣ ತುಂಡು ಒತ್ತಿದ್ದರಿಂದ. ಎರಡೂ ಕಡೆ ಕಡ್ಡಿಯಿಂದ ಗೀರಿ, ಮಜ್ಜಿಗೆಯಂತೆ ಕಲಸಿದ ಮಣ್ಣು ಸವರಿ, ತುಸು ತಿರುವಿ ಒತ್ತಬೇಕು. ಕೋಡು ಸಣ್ಣದು, ಬೇಗ ಒಣಗಿ ಮುರಿಯುತ್ತದೆ, ಅದಕ್ಕೆ ಒದ್ದೆ ಅರಿವೆ ಸುತ್ತಿ ನೆರಳಲ್ಲಿ ಮೂರು-ನಾಲ್ಕು ದಿನ ಬಿಡಿ. ಕಣ್ಣಿಗೆ ಜೋಳದ ಕಾಳು ಒತ್ತಿಸಿ. ಗುಲಗಂಜಿ ಬೇಡವೇ ಬೇಡ, ಅಗಿದು ನುಂಗಿದರೆ ಜೀವಕ್ಕೇ ಅಪಾಯ.

ಪ್ರಶ್ನೆ: ಮಗ ಎಡಗೈ. ಚಿತ್ರವೆಲ್ಲ ಒರೆಸಿಹೋಗುತ್ತದೆ. ಬಲಗೈ ರೂಢಿ ಮಾಡಿಸಬೇಕೇ?
– ರಾಣೆಬೆನ್ನೂರು

ಉತ್ತರ: ಬೇಡ. ಬೆಳಕು ಬಲಗಡೆಯಿಂದ ಬರುವಂತೆ ಕೂಡ್ರಿಸಿ, ಹಾಳೆಯ ಮೇಲಂಚು ಬಲಕ್ಕೆ ವಾಲಲಿ, ಚಿತ್ರವನ್ನು ಬಲದಿಂದ ಎಡಕ್ಕೆ ತುಂಬುತ್ತ ಬರಲಿ. ಕೈ ಕೆಳಗೆ ಒಂದು ರದ್ದಿ ಹಾಳೆ ಇಟ್ಟುಕೊಂಡರೆ ಒರೆಸುವುದು ನಿಲ್ಲುತ್ತದೆ.

ಪ್ರಶ್ನೆ: ಎಂಟು ವರ್ಷದ ಮಗ ಎಲೆಗೆ ಕಂದು, ಗಿಡದ ಬೊಡ್ಡೆಗೆ ಹಸಿರು ಹಚ್ಚುತ್ತಾನೆ. ಹಟವೇ?
– ಶಿಗ್ಗಾವಿ

ಉತ್ತರ: ಬಯ್ಯುವ ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ಕೆಂಪು-ಹಸಿರು ಬೇರೆಬೇರೆಯಾಗಿ ಕಾಣದಿರುವುದು ಹುಟ್ಟಿನಿಂದ ಬರುವಂಥದ್ದು, ಗಂಡುಮಕ್ಕಳಲ್ಲೇ ಹೆಚ್ಚು. ಚುಕ್ಕಿಗಳ ನಡುವೆ ಅಂಕಿ ಓದಿಸುವ ಇಶಿಹಾರ ಪರೀಕ್ಷೆ ಕೆಲವೇ ನಿಮಿಷದ್ದು. ಹಾಗೇನಾದರೂ ಇದ್ದರೆ ಪ್ರತಿ ಕಡ್ಡಿಗೆ ಬಣ್ಣದ ಹೆಸರು ಬರೆದ ಚೀಟಿ ಅಂಟಿಸಿ, ಶಾಲೆಯ ಶಿಕ್ಷಕರಿಗೂ ತಿಳಿಸಿ. ಪೆನ್ಸಿಲ್, ಇದ್ದಲು, ಮಸಿಯ ಕೆಲಸಕ್ಕೆ ಇದರಿಂದ ಯಾವ ಅಡ್ಡಿಯೂ ಇಲ್ಲ. ಪರೀಕ್ಷೆಯಲ್ಲಿ ಏನೂ ಇಲ್ಲವೆಂದಾದರೆ, ಅದು ಅವನ ಗಿಡ, ಅವನಿಗೆ ಬೇಕಾದ ಬಣ್ಣ.

ಪ್ರಶ್ನೆ: ಮಗಳು ಮೊಬೈಲ್ ವಿಡಿಯೊ ನೋಡಿ ಚಂದ ತೆಗೆಯುತ್ತಾಳೆ. ಸ್ಪರ್ಧೆಗಳಲ್ಲಿ ಬಹುಮಾನವೂ ಬಂದಿದೆ. ಆದರೆ ವಿಷಯ ಯಾವುದೇ ಕೊಡಲಿ, ಎರಡು ಗುಡ್ಡ, ನಡುವೆ ಸೂರ್ಯ, ಹೊಳೆ, ತೆಂಗಿನ ಗಿಡ.
– ಹಾವೇರಿ

ಉತ್ತರ: ನಕಲು ಕೆಟ್ಟದ್ದೇನಲ್ಲ, ಕೈಗೆ ರೂಢಿ ಕೊಡುತ್ತದೆ. ಅದೊಂದೇ ಆದಾಗ ಹೀಗಾಗುತ್ತದೆ. ವಿಡಿಯೊ ನೋಡಿ ಒಂದು ತೆಗೆದರೆ ಕಣ್ಣಾರೆ ನೋಡಿ ಒಂದು ತೆಗೆಯಬೇಕೆಂಬ ಕರಾರು ಹಾಕಿ. ನಿಮ್ಮ ಮನೆಯ ಮಾಳಿಗೆಯಿಂದ ನಿಜವಾಗಿ ಕಾಣುವುದೇನು? ನೀರಿನ ಟಾಕಿ, ತಂತಿ, ಒಣಹಾಕಿದ ಬಟ್ಟೆ, ಬೇವಿನ ಗಿಡ. ನಾಲ್ಕು ಇಂಚು, ಮೂರು ಇಂಚಿನ ಕಿಂಡಿ ಕತ್ತರಿಸಿದ ರಟ್ಟಿನ ತುಂಡನ್ನು ಕಣ್ಣಿನ ಮುಂದೆ ಹಿಡಿದು, ಹಿಂದೆಮುಂದೆ ಸರಿಸಿ, ಅದರಲ್ಲಿ ಕಂಡಷ್ಟನ್ನೇ ತೆಗೆಯಲಿ. ಹನ್ನೆರಡರ ಒಳಗಿನ ಮಕ್ಕಳಿಗೆ ವರ್ಷಕ್ಕೆ ಒಂದೆರಡು ಸ್ಪರ್ಧೆಗಿಂತ ಹೆಚ್ಚು ಬೇಡವೆಂಬುದು ನಮ್ಮ ಗಟ್ಟಿ ಅಭಿಪ್ರಾಯ. ಬಹುಮಾನ ತಂದ ಚಿತ್ರವನ್ನು ಬಿಟ್ಟುಕೊಡಲು ಮಗುವಿಗೆ ಧೈರ್ಯ ಸಾಲುವುದಿಲ್ಲ.

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ. ಚಿತ್ರಕಲೆಯೇ ಓದುತ್ತೇನೆ ಅನ್ನುತ್ತಾನೆ. ಹೊಟ್ಟೆಗೆ ದಾರಿ ಇದೆಯೇ?
– ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಮೊದಲು ಯಾವ ದಾರಿಯೆಂದು ತಿಳಿಯಿರಿ, ಪಿಯುಸಿ ವಿಷಯಗಳು ಅದರ ಮೇಲೆ ನಿಂತಿವೆ. ಆರ್ಕಿಟೆಕ್ಚರ್ ಐದು ವರ್ಷದ ಕೋರ್ಸು, ಪಿಯುಸಿಯಲ್ಲಿ ಗಣಿತ ಇರಲೇಬೇಕು. ದೃಶ್ಯಕಲಾ ಪದವಿಗೆ, ಅಂದರೆ ಬಿವಿಎಗೆ, ಗಣಿತ-ವಿಜ್ಞಾನವೇ ಆಗಬೇಕೆಂದಿಲ್ಲ. ಅದಕ್ಕೆ ಮನೆಯಿಂದ ದೂರ ಹೋಗಬೇಕೆಂದೂ ಇಲ್ಲ. ಧಾರವಾಡದಲ್ಲಿ ಕಲಾವಿದ ಡಿ.ವಿ. ಹಾಲಭಾವಿಯವರು ಹಾಕಿಕೊಟ್ಟ ಪರಂಪರೆಯ ಸರ್ಕಾರಿ ಚಿತ್ರಕಲಾ ಕಾಲೇಜು ಇದೆ, ಗದಗಿನಲ್ಲಿ ಕಲಾವಿದ ಟಿ.ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾಮಂದಿರದ ಕಾಲೇಜು ಇದೆ. ಪುಸ್ತಕದ ಚಿತ್ರ, ಅನಿಮೇಶನ್, ಜಾಹೀರಾತು, ಬಟ್ಟೆಯ ವಿನ್ಯಾಸ, ಶಾಲೆಯ ಶಿಕ್ಷಕ ವೃತ್ತಿ, ಎಲ್ಲಕ್ಕೂ ಕೈಯ ರೇಖೆಯೇ ಬುನಾದಿ. ಆದಾಯ ಮೊದಲ ವರ್ಷಗಳಲ್ಲಿ ಏರುಪೇರಾಗುತ್ತದೆ, ಅದನ್ನು ಮಗನಿಗೂ ಮುಚ್ಚಿಡಬೇಡಿ.

ಶಾಲೆಯಲ್ಲಿರುವಾಗಲೇ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ಟಿಸಿ. ನಿತ್ಯ ಒಂದು ಸ್ಕೆಚ್ ಬುಕ್ ತುಂಬಿಸಲಿ: ರೈಲು ನಿಲ್ದಾಣದಲ್ಲಿ ಮಲಗಿದವರು, ಸಂತೆಯಲ್ಲಿ ಕೂತವರು. ಅವನ ಕೆಲಸ ನೋಡುವವರು ಒಂದು ಚೊಕ್ಕ ಚಿತ್ರಕ್ಕಿಂತ ಅಂಥ ಐವತ್ತು ಪುಟಗಳನ್ನು ಹೆಚ್ಚು ನಂಬುತ್ತಾರೆ.

ಪ್ರಶ್ನೆ: ರಜೆಯ ದಿನ ಮಕ್ಕಳನ್ನು ಚಿತ್ರ ತೆಗೆಸಲು ಎಲ್ಲಿಗೆ ಕರೆದೊಯ್ಯಬಹುದು?
– ಮುಂಡರಗಿ

ಉತ್ತರ: ನಿಮಗೆ ಡಂಬಳ ಹತ್ತಿರ. ಅಲ್ಲಿಯ ದೊಡ್ಡಬಸಪ್ಪ ಗುಡಿಯ ಗರ್ಭಗೃಹದ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಹೋಗುವ ಹಿಂದಿನ ದಿನ ಮನೆಯಲ್ಲೇ ಅದನ್ನು ಮಾಡಿಸಿ. ಎಂಟು ಸೆಂಟಿಮೀಟರಿನ ಚೌಕದ ರಟ್ಟು ಕತ್ತರಿಸಿ, ನಡುವೆ ಗುಂಡುಸೂಜಿ ಚುಚ್ಚಿ ಹಾಳೆಗೆ ನಿಲ್ಲಿಸಿ, ಅಂಚಿನಗುಂಟ ಗೆರೆ ಎಳೆಯಿರಿ. ಕೋನಮಾಪಕದಿಂದ 15 ಡಿಗ್ರಿ ತಿರುಗಿಸಿ ಮತ್ತೆ ಎಳೆಯಿರಿ. ಹೀಗೆ ಆರು ಸಲ ಎಳೆದರೆ 24 ಮೂಲೆ ತುಂಬುತ್ತವೆ, ಏಳನೆಯದು ಮೊದಲನೆಯದರ ಮೇಲೆಯೇ ಕೂಡುತ್ತದೆ. ಮರುದಿನ ಗೋಡೆಯ ಸುತ್ತ ನಡೆದು ಮೂಲೆ ಎಣಿಸಲಿ.

ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡ, ಗದಗಿನ ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳು ದೊಡ್ಡ ಮಕ್ಕಳಿಗೆ. ಇಡೀ ಕಂಬ ತೆಗೆಯಹೋದರೆ ಕೈ ಸೋಲುತ್ತದೆ, ಒಂದು ಗೇಣು ಅಗಲದ ಒಂದೇ ಪಟ್ಟಿ ಆರಿಸಿಕೊಳ್ಳಲಿ. ಸಣ್ಣವರಿಗೆ ಶಿಗ್ಗಾವಿ ಹತ್ತಿರದ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್, ಅಲ್ಲಿ ಹಳ್ಳಿಯ ಬದುಕಿನ ಆಳೆತ್ತರದ ಶಿಲ್ಪಗಳಿವೆ. ಮನುಷ್ಯ ಹೇಗೆ ಕೂಡುತ್ತಾನೆ, ಬಾಗುತ್ತಾನೆ ಎಂದು ನಿಧಾನ ನೋಡಿ ತೆಗೆಯಬಹುದು, ಅವು ಅಲುಗಾಡುವುದಿಲ್ಲ.

ಬೆಳಿಗ್ಗೆ ಎಂಟರಿಂದ ಹತ್ತು ಒಳ್ಳೆಯ ಹೊತ್ತು, ಓರೆ ಬಿಸಿಲಿಗೆ ಕೆತ್ತನೆಯ ನೆರಳು ಎದ್ದು ಕಾಣುತ್ತದೆ. ನಡು ಮಧ್ಯಾಹ್ನ ಎಲ್ಲ ಚಪ್ಪಟೆ. ಒಂದು ರಟ್ಟು, ಎರಡು ಕ್ಲಿಪ್ಪು, 2ಬಿ, 4ಬಿ ಪೆನ್ಸಿಲ್, ಟೋಪಿ, ಕುಡಿಯುವ ನೀರು ಸಾಕು. ಬಣ್ಣ ಮನೆಗೆ ಬಂದ ಮೇಲೆ. ಕಂಬಕ್ಕೆ ಹಾಳೆ ಒತ್ತಿ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಲು ಮಕ್ಕಳಿಗೆ ಬಿಡಬೇಡಿ, ಹಳೆಯ ಕಲ್ಲಿನ ನಯ ಕೆಡುತ್ತದೆ. ಆ ಆಟಕ್ಕೆ ಮನೆಯಲ್ಲಿ ನಾಣ್ಯ, ಬೇವಿನ ಎಲೆ, ರೊಟ್ಟಿ ಬುಟ್ಟಿಯ ಹೆಣಿಗೆ ಇವೆಯಲ್ಲ.